ಬೇಟೆಯ ಜಮೀನು ಮತ್ತು ಕಾವಲುಗಾರನ ಅಮಾನತ್ತು

ಕಳೆದ ರಮಝಾನಿಗೆ ಎರಡು ವಾರಗಳಿರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ದೀರ್ಘವಾದ ಧ್ವನಿ ಸಂದೇಶ ಬಂತು. ಮದ್ರಸದಲ್ಲಿ ಏಳನೆಯ ತರಗತಿಯವರೆಗೆ ನನ್ನಲ್ಲಿ ಕಲಿತವನು. ಈಗ ಗಲ್ಫ್ ನಾಡೊಂದರ ಮರಳುಗಾಡಿನಲ್ಲಿ ಕಾವಲುಗಾರ. ಅಲ್ಲಿ ಒಬ್ಬ ಶ್ರೀಮಂತರು ವಿಶಾಲವಾದ ಜಮೀನನ್ನು ವರ್ಷಗಳ ಲೆಕ್ಕದಲ್ಲಿ ಗುತ್ತಿಗೆಗೆ ಪಡೆದು, ಸುತ್ತ ಬೇಲಿ ಹಾಕಿಸಿ, ಜಿಂಕೆಗಳನ್ನೂ ಹುಬಾರಾ ಎಂಬ ದೊಡ್ಡ ಹಕ್ಕಿಗಳನ್ನೂ ಸಾಕಿ ಒಳಗೆ ಬಿಟ್ಟಿದ್ದಾರೆ. ಚಳಿಗಾಲದಲ್ಲಿ ಅವರೂ ಅವರ ಅತಿಥಿಗಳೂ ಗಿಡುಗಗಳೊಂದಿಗೆ ಬಂದು ಪರವಾನಗಿ ಇದ್ದಷ್ಟು ಬೇಟೆಯಾಡುತ್ತಾರೆ. ಉಳಿದ ದಿನಗಳಲ್ಲಿ ನೀರಿನ ತೊಟ್ಟಿ ತುಂಬಿಸುವುದು, ಬೇಲಿಯುದ್ದಕ್ಕೂ ಓಡಾಡುವುದು, ಹೊರಗಿನವರನ್ನು ತಡೆಯುವುದು ಇವನ ಮತ್ತು ಇವನ ಜೊತೆಗಾರನ ಕೆಲಸ.

ಅವನು ಹೇಳಿದ ಸಂಗತಿ ಇಷ್ಟು. ಒಂದು ರಾತ್ರಿ ದೀಪ ಆರಿಸಿಕೊಂಡು ಒಂದು ಲ್ಯಾಂಡ್ ಕ್ರೂಸರ್ ಗೇಟಿನ ಬಳಿ ಬಂದು ನಿಂತಿತು. ಒಳಗಿದ್ದವರು ಆ ಕಡೆಯ ಪ್ರಭಾವಿ ಮನೆತನದ ಹುಡುಗರು. ಹದಿನೈದು ದಿನಗಳ ಸಂಬಳದಷ್ಟು ಹಣವನ್ನು ಚಾಚಿ ಸರಪಳಿ ಬಿಚ್ಚಲು ಹೇಳಿದರು. ಇವನು ಹಣ ಮುಟ್ಟಲಿಲ್ಲ. ಆದರೆ ಹೆದರಿ ಸರಪಳಿ ಬಿಚ್ಚಿದ. ಎರಡು ಜಿಂಕೆಗಳು ಹೋದವು. ಅದಾಗಿ ಒಂದು ವಾರಕ್ಕೆ, ಹಾಡುಹಗಲಲ್ಲಿ, ಬೇಲಿ ಹರಿದಿದ್ದ ಕಡೆಯಿಂದ ಮೂರು ಆಡುಗಳು ಒಳಗೆ ನುಗ್ಗಿದವು. ಅವುಗಳ ಹಿಂದೆ ಬಂದವನು ಪರದೇಶದ ಒಬ್ಬ ಬಡ ಕುರುಬ. ಇಬ್ಬರು ಕಾವಲುಗಾರರೂ ಸೇರಿ ಅವನಿಗೆ ಕೇಬಲ್ ತುಂಡಿನಿಂದ ಹೊಡೆದರು. ದಂಡವೆಂದು ಒಂದು ಆಡನ್ನು ಇಟ್ಟುಕೊಂಡರು. ರಾತ್ರಿ ಅದನ್ನು ಕೊಯ್ದು ತಿಂದರು.

“ಉಸ್ತಾದ್, ಆ ಮಾಂಸ ಗಂಟಲಲ್ಲಿ ಇಳಿಯಲಿಲ್ಲ. ಆದರೂ ತಿಂದೆ” ಎಂದಿದ್ದ ಅವನು. ಜೊತೆಗಾರನು ಸ್ವಲ್ಪ ಓದಿಕೊಂಡವನಂತೆ. ಮದೀನದಲ್ಲಿ ಬೇಟೆಯಾಡಿದವನ ವಸ್ತುಗಳನ್ನು ಒಬ್ಬ ಸಹಾಬಿ ಕಿತ್ತುಕೊಂಡಿದ್ದರೆಂಬ ಹದೀಸನ್ನು ಹೇಳಿ, ಆಡು ನಮಗೆ ಹಲಾಲ್ ಎಂದು ಸಮರ್ಥಿಸಿದನಂತೆ. ಇದು ಸರಿಯೇ ಎಂಬುದು ಇವನ ಪ್ರಶ್ನೆ.

ಅವನಿಗೆ ಬರೆದು ಕಳುಹಿಸಿದ್ದನ್ನೇ ಸ್ವಲ್ಪ ವಿಸ್ತರಿಸಿ, ಅವನ ಅನುಮತಿಯಿಂದ, ಇಲ್ಲಿ ಕೊಡುತ್ತಿದ್ದೇನೆ. ನಮ್ಮ ದೇಶದಲ್ಲಿ ಬೇಟೆಗೆಂದು ಗುತ್ತಿಗೆಯ ಜಮೀನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯೇ ಅಪರಾಧ. ಒಂದು ಕಾಲದಲ್ಲಿ ಮೈಸೂರು ಅರಸರ ಬೇಟೆಕಾಡಾಗಿದ್ದ ನಾಗರಹೊಳೆ ಇಂದು ರಾಷ್ಟ್ರೀಯ ಉದ್ಯಾನ. ಆದರೆ ನಮ್ಮ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಅನ್ಯರ ಜಮೀನು, ತೋಟ, ಗೋದಾಮುಗಳನ್ನು ಕಾಯುತ್ತಿದ್ದಾರೆ. ಆದುದರಿಂದ ಈ ವಿಷಯ ನಮ್ಮ ಮನೆಗಳಿಂದ ದೂರವೇನಲ್ಲ.

ಬೇಲಿ ಹಾಕಿ ಒಂದು ನೆಲವನ್ನು ತನ್ನದೆನ್ನುವುದು ಅರಬರಿಗೆ ಹೊಸತಾಗಿರಲಿಲ್ಲ. ಅದನ್ನು ಅವರು ‘ಹಿಮಾ’ ಎನ್ನುತ್ತಿದ್ದರು. ಅಜ್ಞಾನ ಕಾಲದಲ್ಲಿ ಬಲಿಷ್ಠ ನಾಯಕನು ಒಂದು ದಿಬ್ಬದ ಮೇಲೆ ನಾಯಿಯನ್ನು ಬೊಗಳಿಸುತ್ತಿದ್ದ. ಆ ಧ್ವನಿ ನಾಲ್ಕೂ ದಿಕ್ಕಿಗೆ ಎಷ್ಟು ದೂರ ಕೇಳಿಸುತ್ತದೋ ಅಷ್ಟೂ ಅವನ ಹಿಮಾ. ಅಲ್ಲಿ ಇತರರ ಜಾನುವಾರು ಮೇಯುವಂತಿಲ್ಲ. ಅವನದು ಮಾತ್ರ ಎಲ್ಲರ ನೆಲದಲ್ಲೂ ಮೇಯಬಹುದು! ತಗ್ಲಿಬ್ ಗೋತ್ರದ ಕುಲೈಬ್ ಎಂಬವನು ಇದರಲ್ಲಿ ಎಲ್ಲರನ್ನೂ ಮೀರಿಸಿದ. ಇಂಥ ಪ್ರದೇಶದ ಕಾಡುಮೃಗಗಳು ನನ್ನ ರಕ್ಷಣೆಯಲ್ಲಿವೆ, ಯಾರೂ ಅವುಗಳನ್ನು ಬೆದರಿಸಬಾರದು ಎಂದು ಸಾರುತ್ತಿದ್ದನಂತೆ. ಬಸೂಸ್ ಎಂಬ ಮಹಿಳೆಯ ಆಶ್ರಯದಲ್ಲಿದ್ದವನ ಒಂದು ಹೆಣ್ಣೊಂಟೆ ಅವನ ಹಿಮಾದೊಳಗೆ ಹೋಯಿತು. ಕುಲೈಬನು ಅದರ ಕೆಚ್ಚಲಿಗೆ ಬಾಣ ಬಿಟ್ಟ. ಪ್ರತಿಯಾಗಿ ಜಸ್ಸಾಸನು ಕುಲೈಬನನ್ನು ಕೊಂದ. ತಗ್ಲಿಬ್ ಮತ್ತು ಬಕ್ರ್ ಗೋತ್ರಗಳ ನಡುವೆ ಹತ್ತಿದ ಯುದ್ಧ ನಲ್ವತ್ತು ವರ್ಷ ನಡೆಯಿತೆಂದು ಅರಬ್ ಇತಿಹಾಸಕಾರರು ಬರೆಯುತ್ತಾರೆ. ಬೇಲಿ ದಾಟಿದ ಒಂದು ಒಂಟೆಯ ವಿಷಯದಲ್ಲಿ ಮಿತಿ ಮೀರಿದುದರ ಫಲ ಇದು.

ಪ್ರವಾದಿವರ್ಯರು(ಸ) ಈ ಪದ್ಧತಿಯನ್ನು ಬೇರು ಸಹಿತ ಕಿತ್ತರು. ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಹೊರತು ಬೇರಾರಿಗೂ ಹಿಮಾ ಇಲ್ಲವೆಂದು ಅವರು ಘೋಷಿಸಿದ್ದನ್ನು ಸಅಬ್ ಬಿನ್ ಜಸ್ಸಾಮ(ರ) ವರದಿ ಮಾಡಿದ್ದಾರೆ. ಅಂದರೆ, ಹಿಮಾ ಇರುವುದಾದರೆ ಅದು ಜನಹಿತಕ್ಕಾಗಿ ಇರಬೇಕು, ಒಬ್ಬನ ದರ್ಪಕ್ಕಾಗಿ ಅಲ್ಲ. ಅನ್ನಕೀಅ್ ಎಂಬ ಹುಲ್ಲುಗಾವಲನ್ನು ಪ್ರವಾದಿವರ್ಯರು(ಸ) ಮುಸ್ಲಿಮರ ಕುದುರೆಗಳಿಗಾಗಿ ಮೀಸಲಿಟ್ಟರು. ಅನಂತರ ಹ. ಉಮರ್(ರ) ಶರಫ್ ಮತ್ತು ರಬದಃ ಎಂಬ ಪ್ರದೇಶಗಳನ್ನು ಮೀಸಲಿಟ್ಟರು. (ಇದೇ ಸಅಬ್(ರ) ಒಮ್ಮೆ ತಾವು ಬೇಟೆಯಾಡಿದ ಕಾಡುಕತ್ತೆಯನ್ನು ಪ್ರವಾದಿವರ್ಯರಿಗೆ(ಸ) ಉಡುಗೊರೆಯಾಗಿ ತಂದಾಗ, ತಾವು ಇಹ್ರಾಮ್‌ನಲ್ಲಿರುವ ಕಾರಣ ಅವರು ಅದನ್ನು ಹಿಂದಿರುಗಿಸಿದ್ದರು. ಸಅಬ್‌ರ(ರ) ಮುಖ ಬಾಡಿದ್ದನ್ನು ಕಂಡು ಕಾರಣ ಹೇಳಿ ಸಮಾಧಾನಪಡಿಸಿದರು. ಬೇಟೆ ಮತ್ತು ಬೇಲಿಯ ಎರಡು ಪಾಠಗಳೂ ಒಬ್ಬರೇ ಸಹಾಬಿಯ ಮೂಲಕ ನಮಗೆ ತಲುಪಿರುವುದು ಸೋಜಿಗ.)

ಈಗ ಆ ಲ್ಯಾಂಡ್ ಕ್ರೂಸರಿನ ವಿಷಯ. ಕಾಡುಮೃಗಗಳು ಅಲ್ಲಾಹನವು, ತಡೆಯಲು ನೀನ್ಯಾರು ಎಂದು ಆ ಹುಡುಗರು ಕೇಳಿದರಂತೆ. ಕಳ್ಳಬೇಟೆಯ ಪರವಾಗಿ ಎಲ್ಲೆಡೆ ಹೇಳಲಾಗುವ ಮಾತು ಇದೇ. ಇದರಲ್ಲಿ ಅರ್ಧ ಸತ್ಯವಿದೆ. ಯಾರ ಕೈವಶವೂ ಆಗದ ಕಾಡುಮೃಗ ಮೂಲತಃ ಯಾರ ಸೊತ್ತೂ ಅಲ್ಲ, ಹಿಡಿದವನಿಗೆ ಸೇರುತ್ತದೆ ಎಂಬುದು ಫಿಕ್‌ಹ್‌ನ ನಿಯಮ. ಆದರೆ ಒಬ್ಬನು ಕ್ರಮಬದ್ಧವಾಗಿ ಒಡೆತನಕ್ಕೆ ಪಡೆದ ಪ್ರಾಣಿ ತಪ್ಪಿಸಿಕೊಂಡು ಓಡಿದರೂ ಅವನ ಒಡೆತನ ಹೋಗುವುದಿಲ್ಲ. ಅವನೇ ಬಯಲಿಗೆ ಬಿಟ್ಟರೂ ಹೋಗುವುದಿಲ್ಲವೆಂಬುದು ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯ. ಸಾಕಿ, ಬೇಲಿಯೊಳಗೆ ಬಿಟ್ಟ ಜಿಂಕೆಯನ್ನು ಹೊಡೆದವನು ಬೇಟೆಗಾರನಲ್ಲ, ಕಳ್ಳ. ಇನ್ನು ತಾನಾಗಿ ಬೇಲಿಯೊಳಗೆ ಬಂದು ಸೇರಿದ ಮೃಗವೆಂದೇ ಇಟ್ಟುಕೊಳ್ಳಿ. ಆಗಲೂ ಅನ್ಯರ ಜಮೀನಿಗೆ ಅನುಮತಿಯಿಲ್ಲದೆ ನುಗ್ಗಿದ ಪಾಪ ಹಾಗೇ ಉಳಿಯುತ್ತದೆ. ಗುತ್ತಿಗೆಯ ಅವಧಿಯಲ್ಲಿ ಆ ನೆಲದ ಉಪಯೋಗದ ಹಕ್ಕು ಗುತ್ತಿಗೆದಾರನದು. ಭೂಮಾಲಿಕನೇ ಆದರೂ ಆ ಅವಧಿಯಲ್ಲಿ ಅದಕ್ಕೆ ಅಡ್ಡಿ ಮಾಡುವಂತಿಲ್ಲ. ಅಂದಮೇಲೆ ದಾರಿಹೋಕರ ಮಾತೇನು? ಅನ್ಯಾಯವಾಗಿ ಕಬಳಿಸಿದ ಒಂದು ಗೇಣು ಭೂಮಿಗಾಗಿ ಏಳು ಭೂಮಿಗಳ ಹಾರವನ್ನು ಪರಲೋಕದಲ್ಲಿ ಕೊರಳಿಗೆ ತೊಡಿಸಲಾಗುವುದೆಂಬ ಎಚ್ಚರಿಕೆಯನ್ನು ಸಈದ್ ಬಿನ್ ಝೈದ್(ರ) ವರದಿ ಮಾಡಿದ್ದಾರೆ. ಅನುಮತಿಯಿಲ್ಲದೆ ಅನ್ಯರ ಮನೆಗೆ ಪ್ರವೇಶಿಸಬಾರದು, ಹಿಂದಿರುಗಿರೆಂದರೆ ಹಿಂದಿರುಗಬೇಕು ಎಂದು ಸೂರಃ ಅನ್ನೂರ್‌ನಲ್ಲಿ ಆಜ್ಞಾಪಿಸಿದ ಅಲ್ಲಾಹನು ಬೇಲಿಗೆ ಬೇರೆ ನ್ಯಾಯ ಇಟ್ಟಿಲ್ಲ.

ಹುದೈಬಿಯದ ವರ್ಷ ಸಹಾಬಿಗಳು ಇಹ್ರಾಮ್‌ನಲ್ಲಿದ್ದಾಗ ಬೇಟೆಯ ಪ್ರಾಣಿಗಳೂ ಹಕ್ಕಿಗಳೂ ಅವರ ಬಿಡಾರಗಳ ಬಳಿಗೇ ಬರುತ್ತಿದ್ದವೆಂದು ತಫ್ಸೀರ್‌ಗಳಲ್ಲಿ ಉಲ್ಲೇಖವಿದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಈಟಿ ಎಸೆದರೆ ತಾಗುವಷ್ಟು ಹತ್ತಿರ. ಕಣ್ಣಿಗೆ ಕಾಣದ ಅಲ್ಲಾಹನನ್ನು ಯಾರು ಭಯಪಡುತ್ತಾರೆಂಬುದು ಪ್ರಕಟವಾಗಲಿಕ್ಕಾಗಿ ಈ ಪರೀಕ್ಷೆಯೆಂದು ಸೂರಃ ಅಲ್ ಮಾಇದಃದ 94ನೇ ಸೂಕ್ತದಲ್ಲಿ ತಿಳಿಸಲಾಗಿದೆ. ಅಲ್ಲಿ ಪೊಲೀಸರಿರಲಿಲ್ಲ, ಬೇಲಿಯಿರಲಿಲ್ಲ. ಹಾಗಿದ್ದೂ ಅವರ ಕೈಗಳು ಮುಂದೆ ಹೋಗಲಿಲ್ಲ. ಇದಕ್ಕೆ ಪೂರ್ತಿ ವಿರುದ್ಧವಾದ ಚಿತ್ರ ಸೂರಃ ಅಲ್ ಅಅ್‌ರಾಫ್‌ನಲ್ಲಿರುವ ಕಡಲತೀರದ ಊರಿನವರದು. ಸಬ್ತ್‌ನ ದಿನವೇ ಮೀನುಗಳು ನೀರಿನ ಮೇಲೆ ತೇಲಿ ಬರುತ್ತಿದ್ದವು. ಅವರು ಉಪಾಯ ಹೂಡಿದರು, ನಾಶವಾದರು.

ಸರಪಳಿ ಬಿಚ್ಚಿದವನ ವಿಷಯ ಇದೇ ಪ್ರಯಾಣದ ಇನ್ನೊಂದು ಘಟನೆಯಲ್ಲಿದೆ. ಅಬೂ ಕತಾದಃ(ರ) ಇಹ್ರಾಮ್‌ನಲ್ಲಿರಲಿಲ್ಲ. ಅವರಿಗೆ ಒಂದು ಕಾಡುಕತ್ತೆ ಕಂಡಿತು. ಕುದುರೆ ಏರಿದರು. ಚಾವಟಿ ಕೊಡಿರೆಂದು ಸಂಗಡಿಗರನ್ನು ಕೇಳಿದರು. ಇಹ್ರಾಮ್‌ನಲ್ಲಿದ್ದ ಅವರು ಚಾವಟಿ ಎತ್ತಿ ಕೊಡಲೂ ಒಪ್ಪಲಿಲ್ಲ. ಅವರೇ ಇಳಿದು ತೆಗೆದುಕೊಂಡು ಹೋಗಿ ಬೇಟೆಯಾಡಿದರು. ಅದನ್ನು ತಿನ್ನಬಹುದೇ ಎಂದು ಕೇಳಿದಾಗ, ನಿಮ್ಮಲ್ಲಿ ಯಾರಾದರೂ ಅದರ ಮೇಲೆ ಎರಗಲು ಹೇಳಿದಿರಾ, ಅದರತ್ತ ಸನ್ನೆಯನ್ನಾದರೂ ಮಾಡಿದಿರಾ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇಲ್ಲವೆಂದ ಮೇಲೆಯೇ ಅನುಮತಿಸಿದರು. ನೋಡಿ, ಬೆರಳು ತೋರಿಸುವುದೂ ಲೆಕ್ಕಕ್ಕೆ ಬರುತ್ತದೆ. ಹಾಗಿರುವಾಗ ಗೇಟು ತೆರೆಯುವುದು?

ಕಾವಲುಗಾರನು ಪಡೆಯುವ ಸಂಬಳ ಬೇಲಿಯ ಸುತ್ತ ನಡೆಯುವುದಕ್ಕಾಗಿ ಮಾತ್ರವಲ್ಲ, ತಡೆಯುವುದಕ್ಕಾಗಿ. ನಿಮ್ಮಲ್ಲಿ ಪ್ರತಿಯೊಬ್ಬನೂ ಮೇಲ್ವಿಚಾರಕನು ಎಂದು ಹೇಳುವಾಗ ಪ್ರವಾದಿವರ್ಯರು(ಸ) ಯಜಮಾನನ ಸೊತ್ತಿಗೆ ಸೇವಕನೂ ಹೊಣೆಗಾರನೆಂದು ವಿಶೇಷವಾಗಿ ಸೇರಿಸಿದ್ದಾರೆ. ಮದ್‌ಯನ್‌ನ ಆ ಹುಡುಗಿ ಮೂಸಾರನ್ನು(ಅ) ಕೆಲಸಕ್ಕಿಟ್ಟುಕೊಳ್ಳಲು ತಂದೆಗೆ ಹೇಳುವಾಗ ಎರಡು ಗುಣಗಳನ್ನು ಎತ್ತಿ ಹೇಳಿದಳು: ಬಲಿಷ್ಠ ಮತ್ತು ಪ್ರಾಮಾಣಿಕ. ನನ್ನ ವಿದ್ಯಾರ್ಥಿಯಲ್ಲಿ ಎರಡನೆಯದು ಇತ್ತು, ಅವನು ಹಣ ಮುಟ್ಟಲಿಲ್ಲ. ಮೊದಲನೆಯದು ಆ ರಾತ್ರಿ ಕೈಕೊಟ್ಟಿತು. ಇದಕ್ಕಾಗಿ ಅವನನ್ನು ನಾನು ಕಠಿಣವಾಗಿ ಬೈಯಲಾರೆ. ಪರದೇಶದಲ್ಲಿ, ಕತ್ತಲಲ್ಲಿ, ಬಂದೂಕು ಹಿಡಿದವರ ಎದುರು ಒಬ್ಬಂಟಿ ನಿಲ್ಲುವುದೆಂದರೇನೆಂದು ಇಲ್ಲಿ ಫ್ಯಾನಿನ ಕೆಳಗೆ ಕೂತವನಿಗೆ ಗೊತ್ತಾಗದು. ಜೀವಭಯವಿದ್ದರೆ ಅಲ್ಲಾಹನು ಆ ವಿನಾಯಿತಿ ಕೊಡುತ್ತಾನೆ. ಆದರೆ ಬೆಳಿಗ್ಗೆ ಭಯ ಕಳೆದ ಮೇಲೆಯೂ ಅವನು ಮುದೀರರಿಗೆ ಏನೂ ತಿಳಿಸಲಿಲ್ಲ. ರಾತ್ರಿಯ ಹೆದರಿಕೆಗೆ ವಿನಾಯಿತಿ ಸಿಗಬಹುದು, ಹಗಲಿನ ಮೌನಕ್ಕೆ ಸಿಗದು. ಹಣ ಪಡೆದಿದ್ದರಂತೂ ಅದನ್ನು ‘ಬಖ್‌ಶೀಶ್’ ಎಂದು ಕರೆದು ಪಾರಾಗುವಂತಿರಲಿಲ್ಲ. ಝಕಾತ್ ಸಂಗ್ರಹಿಸಲು ಹೋಗಿ, ಇದು ನಿಮಗೆ, ಇದು ನನಗೆ ಬಂದ ಉಡುಗೊರೆ ಎಂದ ಇಬ್ನುಲ್ಲುತ್‌ಬಿಯ್ಯಃರ ವಿಷಯದಲ್ಲಿ ಪ್ರವಾದಿವರ್ಯರು(ಸ) ಮಿಂಬರ್ ಏರಿ, ಆತ ತಂದೆತಾಯಿಯ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದ್ದರು.

ಇನ್ನು ಆಡಿನ ವಿಷಯ. ನನ್ನನ್ನು ನಿಜವಾಗಿ ಕಾಡಿದ್ದು ಇದು.

ಜೊತೆಗಾರನು ಹೇಳಿದ ಹದೀಸ್ ಇರುವುದು ನಿಜ. ಸಅದ್ ಬಿನ್ ಅಬೀ ವಕ್ಕಾಸ್(ರ) ಮದೀನದ ಹರಮ್‌ನಲ್ಲಿ ಬೇಟೆಯಾಡುತ್ತಿದ್ದವನೊಬ್ಬನನ್ನು ಹಿಡಿದು ಅವನ ವಸ್ತ್ರಗಳನ್ನು ತೆಗೆದುಕೊಂಡರೆಂದು ಅಬೂದಾವೂದ್‌ನಲ್ಲಿದೆ. ಮರ ಕಡಿಯುತ್ತಿದ್ದವನ ಕುರಿತು ಇಂತಹದೇ ವರದಿ ಮುಸ್ಲಿಮ್‌ನಲ್ಲಿದೆ. ಆದರೆ ಅರ್ಧ ಹದೀಸ್ ಓದಿ ಒಂದಿಡೀ ಆಡು ತಿನ್ನುವವರಿಗೆ ಏನು ಹೇಳೋಣ! ಮೊದಲನೆಯದಾಗಿ, ಅದು ಮದೀನದ ಹರಮ್. ಅದರ ಗೌರವವನ್ನು ಸ್ವತಃ ಪ್ರವಾದಿವರ್ಯರು(ಸ) ನಿಶ್ಚಯಿಸಿದ್ದರು. ಅಲ್ಲಿ ಮೇಯುವ ಜಿಂಕೆಗಳನ್ನು ಕಂಡರೆ ಅವುಗಳನ್ನು ಬೆದರಿಸಲಾರೆನೆಂದು ಅಬೂಹುರೈರಃ(ರ) ಹೇಳುತ್ತಿದ್ದರು. ಎರಡನೆಯದಾಗಿ, ಸಅದ್(ರ) ಅದನ್ನು ತಾವಾಗಿ ಕಲ್ಪಿಸಿಕೊಂಡು ಮಾಡಲಿಲ್ಲ. ಹಾಗೆ ಮಾಡಲು ಪ್ರವಾದಿವರ್ಯರು(ಸ) ಅನುಮತಿಸಿದ್ದರು. ಮೂರನೆಯ ಸಂಗತಿ ನನಗೆ ಬಹಳ ಪ್ರಿಯವಾದುದು: ಆ ಮನುಷ್ಯನ ಕಡೆಯವರು ಬಂದು ಕೇಳಿದಾಗ, ಪ್ರವಾದಿವರ್ಯರು(ಸ) ನನಗೆ ಕೊಟ್ಟದ್ದನ್ನು ಮರಳಿಸಲಾರೆ, ಆದರೆ ನೀವು ಬಯಸಿದರೆ ಅದರ ಬೆಲೆಯನ್ನು ಕೊಡುತ್ತೇನೆ ಎಂದರು ಸಅದ್(ರ). ಹಕ್ಕಿದ್ದ ಸಹಾಬಿ ಬೆಲೆ ಕೊಡಲು ಸಿದ್ಧರಾದರು. ಹಕ್ಕೇ ಇಲ್ಲದವರು ಆಡನ್ನು ಕೊಯ್ದರು.

ಬೇಲಿಯೊಳಗೆ ಜಾನುವಾರು ನುಗ್ಗಿದರೆ ನ್ಯಾಯವೇನೆಂಬುದನ್ನು ನಾವು ಕಲ್ಪಿಸಿಕೊಳ್ಳಬೇಕಾಗಿಲ್ಲ. ಬರಾಅ್ ಬಿನ್ ಆಝಿಬ್‌ರ(ರ) ಒಂದು ಹೆಣ್ಣೊಂಟೆ ಯಾರದೋ ತೋಟಕ್ಕೆ ನುಗ್ಗಿ ಹಾಳುಗೆಡವಿತು. ಹಗಲಲ್ಲಿ ತೋಟವನ್ನು ಕಾಯುವುದು ತೋಟದವರ ಹೊಣೆ, ರಾತ್ರಿ ಜಾನುವಾರುಗಳನ್ನು ಕಟ್ಟಿಹಾಕುವುದು ಜಾನುವಾರುಗಳವರ ಹೊಣೆ ಎಂದು ಪ್ರವಾದಿವರ್ಯರು(ಸ) ತೀರ್ಪಿತ್ತರು. ಎಷ್ಟು ಸಮತೂಕದ ತೀರ್ಪು! ಹಗಲಲ್ಲಿ ಕುರಿ ಆಡುಗಳು ಮೇಯಲೇಬೇಕು, ಹಗಲಲ್ಲಿ ತೋಟದವನು ಎಚ್ಚರವಾಗಿರುತ್ತಾನೆ. ಈ ಆಡುಗಳು ಬಂದದ್ದು ಹಗಲಲ್ಲಿ, ಹರಿದ ಬೇಲಿಯ ಮೂಲಕ. ಆ ಬೇಲಿಯನ್ನು ಸರಿಪಡಿಸಬೇಕಾಗಿದ್ದವರು ಯಾರು? ಇವರೇ. ಅಂದಮೇಲೆ ತಪ್ಪು ಕಾವಲುಗಾರರದು, ಪೆಟ್ಟು ಕುರುಬನಿಗೆ! ರಾತ್ರಿಯೇ ನುಗ್ಗಿ ಹಾನಿ ಮಾಡಿದ್ದರೂ ದಂಡ ವಿಧಿಸುವುದು ನ್ಯಾಯಾಧೀಶನ ಕೆಲಸ. ಒಂದು ಹೊಲದಲ್ಲಿ ರಾತ್ರಿ ಅನ್ಯರ ಆಡುಗಳು ಮೇಯ್ದ ಪ್ರಕರಣ ಪ್ರವಾದಿ ದಾವೂದ್(ಅ) ಮತ್ತು ಸುಲೈಮಾನ್‌ರ(ಅ) ಮುಂದೆ ಬಂದುದನ್ನು ಸೂರಃ ಅಲ್ ಅಂಬಿಯಾದಲ್ಲಿ ಕಾಣುತ್ತೇವೆ. ಆಡುಗಳು ತಾತ್ಕಾಲಿಕವಾಗಿ ಹೊಲದವನ ಬಳಿಯಿದ್ದು ಹಾಲು ಉಣ್ಣೆಗಳು ಅವನಿಗೆ ಸಿಗಲಿ, ಅಷ್ಟರಲ್ಲಿ ಆಡಿನವನು ಹೊಲವನ್ನು ಮೊದಲಿನಂತೆ ಮಾಡಿಕೊಡಲಿ, ಬಳಿಕ ಅವರವರ ಸೊತ್ತು ಅವರವರಿಗೆ ಎಂದು ಸುಲೈಮಾನ್(ಅ) ತೀರ್ಮಾನಿಸಿದರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ನಷ್ಟವಾದವನಿಗೆ ಪರಿಹಾರ ಸಿಕ್ಕಿತು. ಬಡವನ ಆಡೂ ಉಳಿಯಿತು.

ಹಾಗಾದರೆ ಕಾವಲುಗಾರನು ಕೈ ಎತ್ತಲೇಬಾರದೇ? ಹಾಗಲ್ಲ. ತನ್ನ ಸೊತ್ತಿನ ರಕ್ಷಣೆಯಲ್ಲಿ ಸತ್ತವನು ಶಹೀದ್ ಎಂದು ಹದೀಸಿನಲ್ಲಿದೆ. ಆದರೆ ಆಕ್ರಮಣಕಾರನನ್ನು ಅತ್ಯಂತ ಹಗುರವಾದ ವಿಧಾನದಿಂದ ಆರಂಭಿಸಿ ಹಂತ ಹಂತವಾಗಿ ತಡೆಯಬೇಕೆಂದು ಫುಕಹಾಗಳು ಹೇಳುತ್ತಾರೆ. ಮಾತಿನಿಂದ ಹೋಗುವವನಿಗೆ ಕೈ ಎತ್ತಬಾರದು, ಕೈಯಿಂದ ತಡೆಯಬಹುದಾದವನಿಗೆ ಕೋಲು ಎತ್ತಬಾರದು. ಆಡುಗಳನ್ನು ಹೊರಗಟ್ಟಲು ಬಂದ ಕುರುಬ ಆಕ್ರಮಣಕಾರನೇ ಅಲ್ಲ.

ಹ. ಉಮರ್(ರ) ತಮ್ಮ ಹಿಮಾದ ಕಾವಲಿಗೆ ಹುನೈ ಎಂಬ ತಮ್ಮ ವಿಮೋಚಿತ ಸೇವಕನನ್ನು ನೇಮಿಸಿದರು. ಅಂದು ಅವರು ಕೊಟ್ಟ ಆದೇಶ ಬುಖಾರಿಯಲ್ಲಿದೆ. ಜನರೊಂದಿಗೆ ಮೃದುವಾಗಿರು, ಮರ್ದಿತನ ಪ್ರಾರ್ಥನೆಗೆ ಹೆದರು, ಅದು ಸ್ವೀಕೃತವಾಗುತ್ತದೆ ಎಂದು ಆರಂಭಿಸಿ, ಕೆಲವೇ ಒಂಟೆ ಕುರಿಗಳಿರುವ ಬಡವರನ್ನು ಒಳಗೆ ಬಿಡಬೇಕೆಂದೂ ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರ ಜಾನುವಾರುಗಳ ವಿಷಯದಲ್ಲಿ ಎಚ್ಚರ ವಹಿಸಬೇಕೆಂದೂ ತಾಕೀತು ಮಾಡಿದರು. ಇವರಿಬ್ಬರು ಯಾರು? ಸ್ವರ್ಗದ ಸುವಾರ್ತೆ ಪಡೆದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಪ್ರವಾದಿವರ್ಯರ(ಸ) ಅಳಿಯ ಉಸ್ಮಾನ್(ರ)! ಅವರ ಮೇಲೆ ಅನುಮಾನವಿದ್ದುದರಿಂದ ಹೀಗೆ ಹೇಳಲಿಲ್ಲ. ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ನಾಲ್ಕು ಕುರಿ ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದು ಅಮೀರುಲ್ ಮೂಮಿನೀನ್ ಎಂದು ಕೂಗುವಾಗ ನಾನವನನ್ನು ಕೈಬಿಡಲಾದೀತೇ, ಅವನಿಗೆ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ನೀರು ಹುಲ್ಲು ಕೊಡುವುದು ನನಗೆ ಸುಲಭ ಎಂಬುದು ಅವರ ತರ್ಕ. ಇದು ಜನರದೇ ನೆಲ, ಅಲ್ಲಾಹನ ಮಾರ್ಗದ ವಾಹನಗಳ ಅಗತ್ಯವಿಲ್ಲದಿರುತ್ತಿದ್ದರೆ ಇದರಲ್ಲಿ ಒಂದು ಗೇಣನ್ನೂ ನಾನು ಮೀಸಲಿಡುತ್ತಿರಲಿಲ್ಲ ಎಂದೂ ಸೇರಿಸಿದರು.

ನನ್ನ ವಿದ್ಯಾರ್ಥಿಯ ಗೇಟಿನಲ್ಲಿ ನಡೆದುದು ಇದರ ತಲೆಕೆಳಗು. ದೊಡ್ಡ ವಾಹನಕ್ಕೆ ಸರಪಳಿ ಬಿಚ್ಚಿತು, ಮೂರು ಆಡಿನವನ ಮೇಲೆ ಕೇಬಲ್ ಬಿತ್ತು. ನಾವು ನಮ್ಮ ಊರಿನ ತೋಟ, ಕೆರೆ, ಮಸೀದಿಯ ವಕ್ಫ್ ಜಮೀನುಗಳನ್ನು ಕಾಯುವಾಗ ಯಾರಿಗೆ ಗೇಟು ತೆರೆಯುತ್ತದೆ, ಯಾರಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಓದುಗರು ತಾವೇ ನೋಡಿಕೊಳ್ಳಲಿ.

ಗುತ್ತಿಗೆದಾರರಿಗೂ ಒಂದೆರಡು ಮಾತು ಇದೆ. ಗುತ್ತಿಗೆಯ ನೆಲ ಅವರ ಕೈಯಲ್ಲಿ ಅಮಾನತ್ತು. ಹೆಚ್ಚುವರಿ ನೀರನ್ನು ತಡೆದು ತನ್ಮೂಲಕ ಹುಲ್ಲನ್ನೂ ತಡೆಯಬಾರದೆಂಬ ಪ್ರವಾದಿ ವಿಧಿ ಅವರಿಗೂ ಅನ್ವಯಿಸುತ್ತದೆ. ಸುತ್ತಲಿನ ಬಡವರನ್ನು ಶತ್ರುಗಳನ್ನಾಗಿ ಮಾಡಿಕೊಂಡ ಬೇಲಿ ಬಹಳ ದಿನ ನಿಲ್ಲುವುದಿಲ್ಲ. ಬಲೂಚಿಸ್ತಾನದ ತೋರ್ಗರ್ ಬೆಟ್ಟಗಳಲ್ಲಿ ತಿರುಚಿದ ಕೊಂಬಿನ ಮಾರ್ಖೋರ್ ಎಂಬ ಕಾಡುಮೇಕೆ 1980ರ ದಶಕದಲ್ಲಿ ಅಳಿವಿನ ಅಂಚಿನಲ್ಲಿತ್ತು. ಅಲ್ಲಿನ ಪಠಾಣ ಬುಡಕಟ್ಟಿನವರು ಬೇಟೆ ಬಿಟ್ಟರು. ಬಂದೂಕು ಹಿಡಿದಿದ್ದವರನ್ನೇ ಸಂಬಳ ಕೊಟ್ಟು ಕಾವಲಿಗಿಡಲಾಯಿತು. ಹೊರಗಿನವರಿಗೆ ವರ್ಷಕ್ಕೆ ಕೆಲವೇ ಮುದಿ ಗಂಡುಗಳ ಬೇಟೆಗೆ ಭಾರೀ ಶುಲ್ಕದ ಮೇಲೆ ಅನುಮತಿಯಿತ್ತು, ಆ ಹಣದಿಂದ ಕಾವಲುಗಾರರ ಸಂಬಳ ನಡೆಯಿತು. ಸಂತತಿ ಹೆಚ್ಚಿತು. ಪಾಕಿಸ್ತಾನದ ಉತ್ತರದ ಕಣಿವೆಗಳಲ್ಲೂ ಇಂತಹ ಶುಲ್ಕದ 80 ಶೇಕಡಾ ಸ್ಥಳೀಯ ಜನರಿಗೆ ಹೋಗುತ್ತದೆ. 2015ರಲ್ಲಿ ಮಾರ್ಖೋರನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ಕಡಿಮೆ ಅಪಾಯದ ವರ್ಗಕ್ಕೆ ಇಳಿಸಲಾಯಿತು. ಗೋಡೆಗೆ ಕೊಂಬು ತೂಗಹಾಕಲು ಜೀವ ತೆಗೆಯುವುದು ನನಗೇನೋ ಹಿಡಿಸದು. ಆದರೆ ಕಾವಲಿನ ಪಾಠ ಮಾತ್ರ ಗಮನಾರ್ಹ. ಇದಕ್ಕೆ ವಿರುದ್ಧವಾದುದು ಒಮಾನಿನಲ್ಲಿ ನಡೆಯಿತು. ಬಿಳಿಯ ಓರಿಕ್ಸ್‌ಗಳಲ್ಲಿ ಕಾಡಿನಲ್ಲಿದ್ದ ಕೊನೆಯದು 1972ರಲ್ಲಿ ಬೇಟೆಗೆ ಬಲಿಯಾಗಿತ್ತು. ಸಾಕಿದವುಗಳನ್ನು 1982ರಲ್ಲಿ ಮತ್ತೆ ಬಯಲಿಗೆ ಬಿಟ್ಟು, ಹರಾಸೀಸ್ ಗೋತ್ರದವರನ್ನು ಕಾವಲಿಗೆ ನೇಮಿಸಲಾಯಿತು. 1996ರ ಹೊತ್ತಿಗೆ ಅವು ಸುಮಾರು 450 ಆದವು. ಆ ವರ್ಷವೇ ಕಳ್ಳರು ಬಂದರು, ಕೊಲ್ಲಲಿಕ್ಕಲ್ಲ, ಜೀವಂತ ಹಿಡಿದು ಶ್ರೀಮಂತರ ಅಂಗಳಗಳಿಗೆ ಮಾರಲಿಕ್ಕೆ. 2007ರಲ್ಲಿ ಉಳಿದದ್ದು 65. ಸರ್ಕಾರ ಆ ಅಭಯಾರಣ್ಯವನ್ನು 90 ಶೇಕಡಾ ಕುಗ್ಗಿಸಿತು. ವಿಶ್ವ ಪರಂಪರೆಯ ಪಟ್ಟಿಯಿಂದ ಒಂದು ತಾಣವನ್ನು ಯುನೆಸ್ಕೋ ತೆಗೆದುಹಾಕಿದ್ದು ಅದೇ ಮೊದಲು. ಕೊಳ್ಳುವವನು ಇಲ್ಲದಿದ್ದರೆ ಹಿಡಿಯುವವನೂ ಇರುತ್ತಿರಲಿಲ್ಲ.

ಈ ಮಾತು ನಮಗೂ ಸೇರಿ. ಮಲೆನಾಡಿನ ಕಡೆ ಮದುವೆ ಮನೆಗಳಲ್ಲಿ ‘ಕಾಡುಮಾಂಸ ಉಂಟು’ ಎಂದು ಗುಟ್ಟಾಗಿ ಹೇಳುವುದನ್ನು ಕೇಳಿದ್ದೇನೆ. ಬಿಸ್ಮಿ ಹೇಳಿ ಕೊಯ್ದಿದ್ದಾರೆ, ಹಲಾಲ್ ಅಲ್ಲವೇ ಎಂದು ಕೇಳುತ್ತಾರೆ. ಜಿಂಕೆಯ ಮಾಂಸ ಹಲಾಲ್ ಎಂಬುದರಲ್ಲಿ ವಿವಾದವಿಲ್ಲ. ದೇಶದ ಹಿತಕ್ಕಾಗಿ ಮಾಡಿದ ಕಾನೂನನ್ನು ಮುರಿದು, ಕತ್ತಲಲ್ಲಿ ತಂದು, ಹಿಡಿಯಲ್ಪಟ್ಟರೆ ಮನೆಯ ಗಂಡಸರನ್ನು ಜೈಲಿಗೆ ಕಳುಹಿಸುವ ಆ ವ್ಯವಹಾರ ಹೇಗೆ ಹಲಾಲ್ ಆದೀತು?

ವಿದ್ಯಾರ್ಥಿಗೆ ನಾನು ಬರೆದುದು ಇಷ್ಟು: ಮೊದಲು ಆ ಕುರುಬನನ್ನು ಹುಡುಕು. ಆಡಿನ ಬೆಲೆ ಕೊಡು. ಪೆಟ್ಟಿಗಾಗಿ ಕ್ಷಮೆ ಕೇಳು, ಅದು ದಾಸನ ಹಕ್ಕು, ಅವನು ಕ್ಷಮಿಸದೆ ತೌಬಾ ಪೂರ್ಣವಾಗದು. ಬೇಲಿಯನ್ನು ಸರಿಪಡಿಸು. ಎರಡು ಜಿಂಕೆಗಳ ವಿಷಯವನ್ನು ಮುದೀರರಿಗೆ ಹೇಳು.

ಶವ್ವಾಲ್ ತಿಂಗಳಲ್ಲಿ ಅವನ ಉತ್ತರ ಬಂತು. ಕುರುಬನು ಹೆದ್ದಾರಿಯ ಬದಿಯ ಒಂದು ಸಣ್ಣ ಮಸೀದಿಯಲ್ಲಿ ಜುಮಾಕ್ಕೆ ಸಿಕ್ಕಿದನಂತೆ. ಇವನನ್ನು ಕಂಡೊಡನೆ ಎದ್ದು ಹೊರಟನಂತೆ. ಹಿಂದೆಯೇ ಓಡಿ ಹೋಗಿ ಹಣ ಕೊಟ್ಟಾಗ ಎಣಿಸಿ, ಒಂದು ಆಡಿನ ಬೆಲೆಯಷ್ಟನ್ನು ಇಟ್ಟುಕೊಂಡು ಉಳಿದುದನ್ನು ಮರಳಿಸಿದ. ಕ್ಷಮಿಸಿದೆಯಾ ಎಂದು ಕೇಳಿದ್ದಕ್ಕೆ ತಲೆಯಾಡಿಸಿದ, ಮಾತಾಡಲಿಲ್ಲ. ಜೊತೆಗಾರನು ತನ್ನ ಪಾಲು ಕೊಡಲು ಒಪ್ಪಿಲ್ಲ. ಬೇಲಿಯ ಹೊರಗೆ ಒಂದು ತೊಟ್ಟಿ ಇಟ್ಟು ಕುರುಬರ ಆಡುಗಳಿಗೆ ನೀರು ಬಿಡಲು ಮುದೀರರು ಸಮ್ಮತಿಸಿದ್ದಾರೆ. ಜಿಂಕೆಗಳ ವಿಷಯ ಹೇಳಿದಾಗ ಮಾತ್ರ ಅವರು ಬಹಳ ಹೊತ್ತು ಸುಮ್ಮನಿದ್ದು, ವಾಹನದ ನಂಬರ್ ಕೇಳಿ ಬರೆದುಕೊಂಡರಂತೆ. ಬಳಿಕ ಏನೂ ಹೇಳಿಲ್ಲ. ಇವನ ವೀಸಾ ನವೀಕರಣ ಮುಂದಿನ ತಿಂಗಳಿದೆ.